ಕೂಮ್ ಐರಿನ್ ಕೋಟೆ ಗೆದ್ದ ಟೆಗ್ವೆನ್

ನಮ್ಮೂರ ಕೋಟೆ ಎರಡು ಸಲ ಬಿದ್ದಿದೆ. ಮೊದಲ ಸಲ ಬೀಳಿಸಿದ್ದು ಇಂಗ್ಲೆಂಡಿನ ರಾಜನ ಸೈನ್ಯ. ಅದಾಗಿ ಏಳುನೂರು ವರ್ಷ ದಾಟಿತು, ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಎರಡನೆಯ ಸಲ ಬಿದ್ದಾಗ ನಾನೇ ಒಳಗಿದ್ದೆ, ಕೈಯಲ್ಲಿ ಒಡೆದ ಹಾಲಿನ ಹುಳಿನೀರು ತುಂಬಿದ ಬಕೆಟ್ ಹಿಡಿದುಕೊಂಡು. ಬೀಳಿಸಿದವಳು ಶಾಲೆಯಲ್ಲಿ ಅಡುಗೆ ಮಾಡುವ ಟೆಗ್ವೆನ್. ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೋತವನೂ ನಾನೇ, ಕುಣಿದವನೂ ನಾನೇ, ಏನು ಮಾಡಲಿ.

ನಾನು ಇಥೆಲ್, ಮಾಂಸದಂಗಡಿಯವನು. ಶಾಲೆಗೆ ಕುರಿಮಾಂಸ ಕೊಡುವವನು ನಾನು. ಅದನ್ನು ಮೂಸಿ ನೋಡಿ, ತಿರುಗಿಸಿ ನೋಡಿ, ಈ ಕುರಿ ನಿಮ್ಮಜ್ಜನ ಜೊತೆ ಆಡಿ ಬೆಳೆದದ್ದೇ ಎಂದು ಕೇಳಿ ಒಳಗೆ ತೆಗೆದುಕೊಳ್ಳುವವಳು ಅವಳು. ಗಿಡ್ಡ ಹೆಂಗಸು, ಕೆಂಪು ಮುಖ, ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿ ಗಟ್ಟಿಯಾದ ತೋಳುಗಳು. ಆ ಮೈಗೂ ಆ ದನಿಗೂ ಸಂಬಂಧವೇ ಇಲ್ಲ. ಊಟದ ಕೋಣೆಯ ಈ ತುದಿಯಲ್ಲಿ ಅವಳು ಕೂಗಿದರೆ ಆ ತುದಿಯ ಹುಡುಗನ ಬಾಯಿಂದ ಕದ್ದ ಆಲೂಗಡ್ಡೆ ತಾನಾಗಿಯೇ ಹೊರಗೆ ಬೀಳುತ್ತಿತ್ತು. ಊರಿನಲ್ಲಿ ಇವತ್ತು ಮೀಸೆ ಹೊತ್ತು ತಿರುಗುವ ಗಂಡಸರು, ಎರಡು ಮೂರು ಹೆತ್ತ ಹೆಂಗಸರು, ಎಲ್ಲರೂ ಅವಳ ಕೈಯ ಲೀಕ್ ಈರುಳ್ಳಿಯ ಸಾರು ಕುಡಿದೇ ಬೆಳೆದವರು. ನಾನು ಅವಳ ಓರಗೆಯವನು, ನನಗೆ ಆ ಭಾಗ್ಯ ಸಿಗಲಿಲ್ಲ.

ಕೋಟೆಯ ವಿಷಯ ಬಿಟ್ಟು ಟೆಗ್ವೆನ್ ವಿಷಯ ಹೇಳಲಾಗದು. ನಮ್ಮೂರು ಕೂಮ್ ಐರಿನ್‌ನ ಗುಡ್ಡದ ಮೇಲೆ ಈಗ ಉಳಿದಿರುವುದು ಆಳೆತ್ತರದ ಸುತ್ತುಗೋಡೆ, ಒಂದು ದುಂಡು ಬುರುಜಿನ ಮುಕ್ಕಾಲು ಪಾಲು, ಮೊಣಕಾಲೆತ್ತರಕ್ಕೆ ಇಳಿದುಹೋದ ಇನ್ನೊಂದು ಬುರುಜು, ಕುರಿಗಳು ಬೀಳದಿರಲೆಂದು ಕಲ್ಲು ತುಂಬಿ ಮುಚ್ಚಿದ ಬಾವಿ, ಮತ್ತು ಹೆಬ್ಬಾಗಿಲ ಕಮಾನು. ಮಿಕ್ಕದ್ದೆಲ್ಲ ಎಲ್ಲಿ ಹೋಯಿತು ಅಂದರೆ ನಮ್ಮ ಮನೆಗಳಿಗೆ ಬಂತು. ಹದವಾಗಿ ಕಡಿದ ಕೆಂಗಲ್ಲು ಗುಡ್ಡದ ಮೇಲೆ ಪುಕ್ಕಟೆ ಬಿದ್ದಿರುವಾಗ ಗಣಿಗೆ ಹೋಗಿ ಬೆವರು ಸುರಿಸುವ ದಡ್ಡ ಯಾರು? ನಮ್ಮ ಮುತ್ತಜ್ಜಂದಿರು ಗಾಡಿ ಕಟ್ಟಿಕೊಂಡು ಹೋಗಿ ಹೇರಿಕೊಂಡು ಬಂದರು. ನನ್ನ ಮನೆಯ ಬೆಂಕಿಗೂಡಿನ ನೆತ್ತಿಯ ಮೇಲೆ ಕಮಾನಿನ ಕಲ್ಲುಗಳಿವೆ. ಹಂದಿಗೂಡಿನ ಮೂಲೆಯಲ್ಲೂ ಒಂದಿದೆ, ಹಂದಿ ಅದಕ್ಕೆ ಬೆನ್ನು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿಟ್ಟಿದೆ. ಇದು ಕಳ್ಳತನವಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಕೋಟೆ ನಮ್ಮದು, ಮಳೆಗೆ ನೆನೆಯದಿರಲಿ ಅಂತ ಮನೆಯೊಳಗೆ ಇಟ್ಟುಕೊಂಡಿದ್ದೇವೆ ಎನ್ನುತ್ತೇವೆ.

ಹೀಗಾಗಿ ಊರಿನಲ್ಲಿ ಎರಡು ಪಂಗಡ. ಕಲ್ಲು ಮನೆಯವರು ಮತ್ತು ಇಟ್ಟಿಗೆ ಸಾಲಿನವರು. ಇಟ್ಟಿಗೆ ಸಾಲು ಅಂದರೆ ಹೊಳೆಯ ಪಕ್ಕ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳು. ಮರ ಕಡಿಯಲು, ರಸ್ತೆ ಹಾಕಲು ಬಂದವರು ಅಲ್ಲಿ ಉಳಿದರು. ವರ್ಷವಿಡೀ ನಾವು ಒಟ್ಟಿಗೇ ಕುಡಿಯುತ್ತೇವೆ, ಒಟ್ಟಿಗೇ ಹಾಡುತ್ತೇವೆ, ಹೆಣ್ಣು ಕೊಟ್ಟು ತಂದು ಮಾಡುತ್ತೇವೆ. ನನ್ನ ಹೆಂಡತಿ ನೆಸ್ಟಾ ಇಟ್ಟಿಗೆ ಸಾಲಿನ ಮಗಳೇ. ಆದರೆ ಆಗಸ್ಟ್ ತಿಂಗಳ ಮೊದಲ ಶನಿವಾರ ಬಂತೆಂದರೆ ನೆಂಟಸ್ತಿಕೆಗೆಲ್ಲ ರಜ. ಅವತ್ತು ಮುತ್ತಿಗೆ.

ಮುತ್ತಿಗೆಯಲ್ಲಿ ಕಲ್ಲು ಮನೆಯವರು ಕೋಟೆಯ ಒಳಗೆ, ಅಂದು ಇಂಗ್ಲಿಷರ ವಿರುದ್ಧ ಕೋಟೆ ಕಾದ ನಮ್ಮ ಹಳೆಯ ರಾಜಕುಮಾರನ ಬಂಟರು. ಇಟ್ಟಿಗೆ ಸಾಲಿನವರು ಹೊರಗೆ, ಇಂಗ್ಲಿಷರು. ಆಟಕ್ಕೆ ಶತ್ರುಗಳು ಬೇಕಲ್ಲ, ಇಂಗ್ಲಿಷರಾಗಲು ಯಾರೂ ಒಪ್ಪದೆ ಹೋದಾಗ ಹಿರಿಯರು ಮಾಡಿದ ನಿಯಮ ಇದು: ಮನೆಯಲ್ಲಿ ಕೋಟೆಯ ಕಲ್ಲಿದ್ದವನಿಗೆ ಮಾತ್ರ ಒಳಗೆ ನಿಲ್ಲುವ ಹಕ್ಕು. ಬರುಬರುತ್ತ ಬೇರೆ ದಿನಗಳಲ್ಲೂ ಇಟ್ಟಿಗೆ ಸಾಲಿನವರು ಕಮಾನು ದಾಟದಿರುವುದೇ ರೂಢಿಯಾಯಿತು. ಮದುವೆಯಾಗಿ ಬಂದ ಹೆಣ್ಣು ಅವತ್ತೊಂದು ದಿನ ತವರಿನ ಕಡೆ ಸೇರುತ್ತಾಳೆ, ಬೆಳಗಿನ ತಿಂಡಿಯನ್ನೂ ಮಾಡಿಕೊಡುವುದಿಲ್ಲ. ಹೊರಗಿನವರಲ್ಲಿ ಒಬ್ಬರಾದರೂ ನುಗ್ಗಿ ಬಂದು ಬಾವಿಕಟ್ಟೆ ಮುಟ್ಟಿದರೆ ಕೋಟೆ ಬಿದ್ದಂತೆ. ನಾವು ಬಕೆಟ್ಟುಗಟ್ಟಲೆ ನೀರು, ಹಿಟ್ಟಿನ ಪೊಟ್ಟಣ, ಹುಳಿನೀರು ಸುರಿದು ತಡೆಯಬೇಕು. ನಮ್ಮ ಪ್ರಾರ್ಥನಾ ಮಂದಿರ ಚಾಪೆಲ್ಲಿನ ಗಂಟೆ ನಾಲ್ಕು ಹೊಡೆದರೆ ಮುಗಿಯಿತು, ಎಲ್ಲರೂ ಚಹಾಕ್ಕೆ ಇಳಿಯುತ್ತೇವೆ. ಪುಸ್ತಕದಲ್ಲಿ ಕೋಟೆ ಬಿದ್ದಿದೆ, ಹಸಿವು ತಾಳಲಾರದೆ ಒಳಗಿನವರೇ ಬಾಗಿಲು ತೆರೆದರಂತೆ. ನಮ್ಮ ಆಟದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಕಮಾನಿನ ಅಡಿ ಮೂವರು ಜೊತೆಯಾಗಿ ನುಗ್ಗಲು ಜಾಗ ಇಲ್ಲ. ಅಲ್ಲಿ ನಿಂತು ಸುರಿದರೆ ಇಂಗ್ಲೆಂಡಿನ ರಾಜನಲ್ಲ, ಅವರಪ್ಪ ಬಂದರೂ ಮನೆಗೆ ಹೋಗಿ ಬಟ್ಟೆ ಒಣಗಿಸಿಕೊಳ್ಳಬೇಕು.

ಟೆಗ್ವೆನ್ ಆರೇಳು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮೊದಲ ಸಲ ಮುತ್ತಿಗೆಗೆ ಬಂದಳು. ಅಪ್ಪ ಇಟ್ಟಿಗೆ ಸಾಲಿನವನು, ಮರ ಕಡಿಯುವವನು, ಆನೆಯಂಥ ಆಳು, ಆದರೂ ಮೊದಲ ಬಕೆಟ್ಟಿಗೇ ಜಾರಿ ಬಿದ್ದ. ಇವಳು ಹುಲ್ಲಿನ ಮೇಲೆ ಉರುಳಿಕೊಂಡು ಸೀದಾ ಕಮಾನಿನ ಅಡಿಗೇ ಬಂದು ನಿಂತಳು. ನಾನೂ ಅಷ್ಟೇ ಚಿಕ್ಕವನು, ಒಳಗೆ ನನ್ನಜ್ಜನ ಕಾಲಿಗೆ ಅಂಟಿಕೊಂಡಿದ್ದೆ. ಅವಳು ಬಾಯಿ ಬಿಟ್ಟುಕೊಂಡು ತಲೆಯೆತ್ತಿ ಕಮಾನನ್ನು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಸುತ್ತಲೂ ನೀರು, ಹಿಟ್ಟು, ಕೂಗಾಟ, ಅವಳಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ನನ್ನಜ್ಜ ಅವಳನ್ನು ಕಂಕುಳಲ್ಲಿ ಎತ್ತಿ ಮೆಲ್ಲಗೆ ಹೊರಗೆ ಇಟ್ಟು ಬಂದ. ಒರಟಾಗಿ ಅಲ್ಲ, ನಿಯಮದ ಪ್ರಕಾರ. ಅಲ್ಲಿಂದಾಚೆ ಅವಳು ಒಂದು ಮುತ್ತಿಗೆಯನ್ನೂ ತಪ್ಪಿಸಲಿಲ್ಲ. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಬಂದಳು, ನಾವು ಹೆದರಿ ಬರೀ ನೀರು ಚಿಮುಕಿಸಿದೆವು, ಅದಕ್ಕೂ ಬೈಸಿಕೊಂಡೆವು.

ಇಪ್ಪತ್ತರ ವಯಸ್ಸಿನಲ್ಲಿ ಅವಳಿಗೂ ಕಲ್ಲು ಮನೆಯ ಎಲ್ವೆಡ್‌ಗೂ ಓಡಾಟವಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ. ಎಲ್ವೆಡ್‌ನ ತಾಯಿ ಒಪ್ಪಲಿಲ್ಲ, ಮನೆಯಲ್ಲಿ ಒಂದು ಕಲ್ಲೂ ಇಲ್ಲದವಳು ನಮಗೆ ಬೇಡ ಎಂದಳು. ಎಲ್ವೆಡ್ ತಾಯಿಯ ಮಾತು ಮೀರುವ ಗಂಡಲ್ಲ. ಟೆಗ್ವೆನ್ ಲಾರಿ ಓಡಿಸುವ ಮೆರ್ವಿನ್‌ನನ್ನು ಕಟ್ಟಿಕೊಂಡು, ಎರಡು ಹೆಣ್ಣು ಹೆತ್ತು, ಸುಖವಾಗಿಯೇ ಬಾಳಿದಳು. ಎಲ್ವೆಡ್ ಚಾಪೆಲ್ಲಿನ ಹಿರಿಯನಾದ, ಮುತ್ತಿಗೆಯಲ್ಲಿ ಕೋಟೆಯ ನಾಯಕನಾದ. ಹೊರಗಿನವರ ನಾಯಕತ್ವ ತಾನಾಗಿಯೇ ಟೆಗ್ವೆನ್ ಕೈಗೆ ಬಂತು. ವರ್ಷಕ್ಕೊಮ್ಮೆ ಅವಳ ತಲೆಯ ಮೇಲೆ ಎಲ್ವೆಡ್ ಬಕೆಟ್ ಕವುಚುವುದನ್ನು ನೋಡಿ ಮೆರ್ವಿನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೋದ ಚಳಿಗಾಲ ದೊಡ್ಡ ಗಾಳಿ ಬೀಸಿತಲ್ಲ, ಆಗ ಕಮಾನಿನ ಒಂದು ಪಕ್ಕದ ಕಲ್ಲುಗಳು ಕಳಚಿ ಬಿದ್ದು ಪುಡಿಯಾದವು. ಉಳಿದ ಭಾಗ ಕುಡಿದವನ ಹಾಗೆ ವಾಲಿಕೊಂಡು ನಿಂತಿತು. ಪುರಾತತ್ವ ಇಲಾಖೆಯವರು ಬಂದು ಮರದ ಆಸರೆ ಕೊಟ್ಟರು, ಬೇಲಿ ಹಾಕಿದರು, ಹತ್ತಿರ ಹೋಗಕೂಡದು ಎಂದರು. ಹಿಮ ಬೀಳುವುದರೊಳಗೆ ಸರಿಯಾಗದಿದ್ದರೆ ಪೂರ್ತಿ ಇಳಿಸಿಬಿಡುವುದು ಎಂದು ತೀರ್ಮಾನಿಸಿದರು. ಹೊಸ ಕಲ್ಲು ಕೂರಿಸೋಣವೆಂದರೆ ಆ ಕೆಂಗಲ್ಲಿನ ಗಣಿ ಈಗ ಜಲಾಶಯದ ನೀರಿನ ಅಡಿಯಲ್ಲಿದೆ. ಇಲಾಖೆಯ ಜೊತೆ ಬಂದಿದ್ದ ಕಲ್ಲುಕುಟಿಗ ಗೊರೊನ್ವಿ, ಬಡಗಣ ಕಡೆಯವನು, ಮಾತು ಕಡಿಮೆ, ಒಂದೇ ದಾರಿ ಹೇಳಿದ. ಇದೇ ಕೋಟೆಯ ಹಳೆಯ ಕಮಾನು ಕಲ್ಲುಗಳು ಎಲ್ಲಾದರೂ ಸಿಕ್ಕರೆ ತಾನು ಎಬ್ಬಿಸಿ ನಿಲ್ಲಿಸುತ್ತೇನೆ ಎಂದ. ಸುತ್ತ ನಿಂತಿದ್ದ ನಾವೆಲ್ಲ ನಮ್ಮ ನಮ್ಮ ಬೂಟುಗಳನ್ನು ನೋಡಿಕೊಂಡೆವು.

ಕಲ್ಲು ಇಲ್ಲದೆ ಅಲ್ಲ. ಕಲ್ಲು ಕೊಟ್ಟರೆ ಹಕ್ಕೂ ಹೋಯಿತಲ್ಲ. ಮುಂದಿನ ವರ್ಷದಿಂದ ಇಂಗ್ಲಿಷನಾಗಿ ಗುಡ್ಡ ಹತ್ತಬೇಕು, ತಲೆಯ ಮೇಲೆ ಹುಳಿನೀರು ಸುರಿಸಿಕೊಳ್ಳಬೇಕು. ಪಕ್ಕದ ಮನೆಯವನು ಕೊಡಲಿ, ಅವನ ಹತ್ತಿರ ಜಾಸ್ತಿ ಇದೆ ಎಂದು ಪ್ರತಿಯೊಬ್ಬನೂ ಪಕ್ಕದ ಮನೆಯನ್ನು ತೋರಿಸಿದ. ಬೇಸಿಗೆ ಬಂತು, ಒಂದು ಕಲ್ಲೂ ಹೊರಗೆ ಬರಲಿಲ್ಲ.

ಒಂದು ಬೆಳಿಗ್ಗೆ ಟೆಗ್ವೆನ್ ಅಂಗಡಿಗೆ ಬಂದಳು. ಮಾಂಸ ಮೂಸಿ ನೋಡಲಿಲ್ಲ, ಅಲ್ಲೇ ಗೊತ್ತಾಯಿತು ನನಗೆ ಗ್ರಹಚಾರ. ನಿನ್ನ ಬೆಂಕಿಗೂಡಿನ ಕಲ್ಲು ಕೊಡುತ್ತೀಯಾ ಎಂದು ಕೇಳಿದಳು. ಗೋಡೆ ಕುಸಿಯುತ್ತದೆ, ನೆಸ್ಟಾ ಬಿಡುವುದಿಲ್ಲ, ಹಂದಿಗೆ ಬೇಜಾರಾಗುತ್ತದೆ ಎಂದೆಲ್ಲ ನಾನು ಬಾಯಿಗೆ ಬಂದದ್ದು ಹೇಳಿದೆ.

"ಕೋಟೆ ಕಾಯೋರು ನಾವು, ಕೋಟೆ ಕಾಯೋರು ನಾವು ಅಂತ ಹುಟ್ಟಿದಾಗ್ಲಿಂದ ಬಡ್ಕೊತಿದೀರಾ," ಅಂದಳು. "ಈಗ ಕಾಯಿರಿ ನೋಡೋಣ."

ನನಗೆ ರೇಗಿತು. ಬಿದ್ದರೆ ನಿನ್ನ ಗಂಟೇನು ಹೋಗುತ್ತದೆ, ನೀನು ಎಷ್ಟಿದ್ದರೂ ಹೊರಗಿನವಳು ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. "ಅದು ಬಿದ್ದೋದ್ರೆ ನಾನು ಯಾವುದರ ಒಳಗೆ ಹೋಗ್ಬೇಕು ಅಂತ ಆಸೆ ಇಟ್ಕೊಳ್ಲಿ ಇಥೆಲ್?"

 ಒಳ್ಳೆಯ ತೊಡೆಮಾಂಸ ಕಟ್ಟಿಕೊಟ್ಟು ಕಳಿಸಿದೆ. ಕಲ್ಲು ಮಾತ್ರ ಕೊಡಲಿಲ್ಲ, ನಾನೇನು ಸಂತನಲ್ಲ.

ಜುಲೈ ಕೊನೆಗೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿತು. ಕಮಾನಿಗೆ ಬೇಲಿ ಹಾಕಿದ್ದಾರೆ, ಮುತ್ತಿಗೆ ನಡೆಸುವುದು ಹೇಗೆ? ಈ ವರ್ಷಕ್ಕೆ ಬೇಡ ಎಂದು ಎಲ್ವೆಡ್ ಹೇಳಿದ. ಟೆಗ್ವೆನ್ ಹಿಂದಿನ ಸಾಲಿನಿಂದ ಎದ್ದು, ನಾವು ಹಿಂಭಾಗದಿಂದ ಬರುತ್ತೇವೆ ಎಂದಳು. ಕೋಣೆ ತುಂಬ ನಗು. ಹಿಂಭಾಗ ಅಂದರೆ ಬಡಗಣ ಗೋಡೆ ಒಡೆದ ಸಂದಿ, ಅದರ ಕೆಳಗಿನ ಇಳಿಜಾರಿನಲ್ಲಿ ಕುರಿಗಳೇ ಜಾರುತ್ತವೆ. ಇಟ್ಟಿಗೆ ಸಾಲಿನಲ್ಲಿ ಅರ್ಧ ಜನಕ್ಕೆ ಮೊಣಕಾಲು ನೋವು. ನಗು ನಿಲ್ಲುವವರೆಗೆ ಅವಳು ನಿಂತೇ ಇದ್ದಳು. ಆಮೇಲೆ ಪಂಥ ಕಟ್ಟಿದಳು. ಸೋತರೆ ತಾನು ಇನ್ನೆಂದೂ ಕಲ್ಲಿನ ಮಾತೆತ್ತುವುದಿಲ್ಲ, ಗೆದ್ದರೆ ಕಮಾನಿಗೆ ಬೇಕಾದ ಕಲ್ಲೆಲ್ಲ ಊರು ಕೊಡಬೇಕು.

ಎಲ್ವೆಡ್ ಕನ್ನಡಕ ಒರೆಸಿಕೊಂಡು ನಕ್ಕ. "ಆಗ್ಲಿ ಬಿಡಮ್ಮ. ಗೆದ್ರೆ ಯಾರ್ಯಾರ ಮನೇದು ಏನೇನ್ ಬೇಕೋ ಕಿತ್ಕೊಂಡ್ ಹೋಗು. ನನ್ ಬಾಗಿಲ ಕಲ್ಲಿಂದಲೇ ಶುರು ಮಾಡು."

ಎಲ್ಲರೂ ಕೈ ಎತ್ತಿದೆವು. ನಾನಂತೂ ಎರಡೂ ಕೈ ಎತ್ತಿದೆ. ಸೋಲು ಅನ್ನುವುದು ನಮ್ಮ ಕಡೆ ಮುಖ ಹಾಕಿದ್ದೇ ಇರಲಿಲ್ಲ. ಟೆಗ್ವೆನ್ ಸಾಲಾಗಿ ಬಂದು ಒಬ್ಬೊಬ್ಬರ ಕೈಯನ್ನೂ ಕುಲುಕಿ ಹೋದಳು. ಆ ಕುಲುಕಾಟಕ್ಕೆ ನನ್ನ ಬೆರಳು ಸಂಜೆಯವರೆಗೂ ನೋಯುತ್ತಿತ್ತು.

ಶನಿವಾರ ಬಂತು. ಬಿಸಿಲೂ ಇತ್ತು, ತುಂತುರೂ ಇತ್ತು, ಇಳಿಜಾರಿನ ಹುಲ್ಲು ಬೆಣ್ಣೆ ಸವರಿದಂತೆ ಜಾರುತ್ತಿತ್ತು. ನಾವು ಸಂದಿಯ ಮೇಲೆ ಬಕೆಟ್ ಸಾಲಾಗಿಟ್ಟುಕೊಂಡು ಕಾದೆವು. ಮೊದಲ ದಾಳಿ ಬಂತು, ಅರ್ಧ ದಾರಿಯಲ್ಲೇ ಉರುಳಿಕೊಂಡು ಹೋಯಿತು. ಎರಡನೆಯದು ಸಂದಿಯ ಬಾಯಿವರೆಗೂ ಬಂತು. ಅದರಲ್ಲಿ ಮುಂದಿದ್ದವಳು ನನ್ನ ಹೆಂಡತಿ. ನೆಸ್ಟಾ ಗುರಿಯಿಟ್ಟು ಹಿಟ್ಟಿನ ಪೊಟ್ಟಣ ನನ್ನ ಹಣೆಗೇ ಹೊಡೆದಳು. ಹೋದ ಕ್ರಿಸ್‌ಮಸ್‌ಗೆ ಮರೆತ ಉಡುಗೊರೆಗೆ ಇದು ಅಂದಳು. ನಾನು ಅವಳ ಮೇಲೆ ಪೂರ್ತಿ ಬಕೆಟ್ ಕವುಚಿದೆ, ನಮ್ಮ ದಾಂಪತ್ಯ ವರ್ಷಕ್ಕೊಮ್ಮೆ ಹೀಗೆ ಸ್ವಚ್ಛವಾಗುತ್ತದೆ. ಮೂರನೆಯ ದಾಳಿಯೂ ಜಾರಿತು. ನಮ್ಮ ಹುಡುಗರು ಗೋಡೆಯ ಮೇಲೆ ಹತ್ತಿ ಕುಣಿಯತೊಡಗಿದರು. ನಾಲ್ಕು ಹೊಡೆಯಲು ಇನ್ನು ಸ್ವಲ್ಪವೇ ಹೊತ್ತಿತ್ತು, ಎಲ್ವೆಡ್ ಆಗಲೇ ಚಹಾದ ಮಾತಾಡುತ್ತಿದ್ದ.

ಇದ್ದಕ್ಕಿದ್ದಂತೆ ಕೆಳಗೆ ಸದ್ದಡಗಿತು. ಇಳಿಜಾರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆಮೇಲೆ ಟೆಗ್ವೆನ್ ಒಬ್ಬಳೇ ಹತ್ತಿ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಶಾಲೆಯಲ್ಲಿ ಹಾಕುವ ಬಿಳಿ ಏಪ್ರನ್ ಕಟ್ಟಿಕೊಂಡಿದ್ದಳು, ಅದಕ್ಕೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಶರಣಾಗಲು ಬಂದಳು ಎಂದು ಯಾರೋ ಕೂಗಿದರು. ಹೊಡೆಯಲು ಯಾರಿಗೂ ಕೈ ಬರಲಿಲ್ಲ. ಅವಳು ಸಂದಿಯಲ್ಲಿ ಬಂದು ನಿಂತಳು, ಸೊಂಟಕ್ಕೆ ಕೈ ಕೊಟ್ಟಳು, ನಮ್ಮ ಪಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಏನಿದು ಗಲಾಟೆ? ಬಕೆಟ್ ಕೆಳಗಿಡಿ. ಗೋಡೆ ಪಕ್ಕ ಸಾಲಾಗಿ ನಿಂತ್ಕೊಳ್ಳಿ. ಚಿಕ್ಕವರು ಮುಂದೆ. ಎಲ್ಲಿ, ಕೈ ತೋರಿಸಿ."

ದೇವರಾಣೆ ಹೇಳುತ್ತೇನೆ, ಬಕೆಟ್ಟು ಇಟ್ಟುಬಿಟ್ಟರು. ಒಬ್ಬಿಬ್ಬರಲ್ಲ, ಅಷ್ಟೂ ಜನ. ಟ್ರ್ಯಾಕ್ಟರ್ ಓಡಿಸುವವನು, ಅಂಚೆ ಹಂಚುವವನು, ಮೂರು ಮಕ್ಕಳ ತಂದೆ, ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ನಿಂತರು. ನಮ್ಮ ಪೊಲೀಸಿನವನು, ಆರಡಿಯ ಆಸಾಮಿ, ಅಂಗೈ ತೋರಿಸಿ ಆಮೇಲೆ ಹೇಳದೆಯೇ ತಿರುಗಿಸಿ ಉಗುರೂ ತೋರಿಸಿದ. ಟೆಗ್ವೆನ್ ಸಾಲಿನ ಮುಂದೆ ನಡೆದುಕೊಂಡು ಹೋಗುತ್ತ ಇವನ ಕಾಲರ್ ಸರಿ ಮಾಡಿದಳು, ಅವನಿಗೆ ಮೂಗು ಒರೆಸಿಕೋ ಎಂದಳು. ಅವರಿಗೆ ಬುದ್ಧಿ ತಿರುಗಿ ಬರುವ ಹೊತ್ತಿಗೆ ಸಂದಿಯಿಂದ ಇಟ್ಟಿಗೆ ಸಾಲಿನವರೆಲ್ಲ ಕಟ್ಟೆ ಒಡೆದ ಹೊಳೆಯಂತೆ ಒಳಗೆ ಬಂದಾಗಿತ್ತು.

ಉಳಿದವರು ಎಲ್ವೆಡ್ ಮತ್ತು ನಾನು, ಅವಳ ಕೈಯ ಊಟ ತಿನ್ನದೆ ಬೆಳೆದ ಇಬ್ಬರು ಮುದುಕರು. ಎಲ್ವೆಡ್ ಅರಚುತ್ತ ಅವಳ ಹಿಂದೆ ಓಡಿದ. ನಾನು ಬಾವಿಕಟ್ಟೆಗೆ ಅಡ್ಡ ನಿಂತೆ. ಟೆಗ್ವೆನ್ ಏಪ್ರನ್ ಎತ್ತಿ ಹಿಡಿದುಕೊಂಡು ಸೀದಾ ನನ್ನ ಕಡೆಗೇ ಓಡಿ ಬರುತ್ತಿದ್ದಳು. ಅರವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.  ಬಕೆಟ್ಟನ್ನು ಹಿಂದಕ್ಕೆ ತೂಗಿ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಎರಚಿದೆ. ಅವಳು ಬಗ್ಗಿದಳು. ಹುಳಿನೀರು ಪೂರ್ತಿ ಹಿಂದೆ ಬರುತ್ತಿದ್ದ ಎಲ್ವೆಡ್‌ನ ಬಾಯಿಗೇ ಹೋಯಿತು. ಟೆಗ್ವೆನ್ ಎರಡೂ ಅಂಗೈ ಬಾವಿಕಟ್ಟೆಯ ಮೇಲೆ ಊರಿ ನಿಂತಳು, ಏದುಸಿರು ಬಿಡುತ್ತ. ಅವಳು ಮುಟ್ಟಿದ ಮೇಲೆಯೇ ಕೆಳಗೆ ಗಂಟೆ ನಾಲ್ಕು ಹೊಡೆಯಿತು.

ಆ ಕೂಗು ಕಣಿವೆಯ ಆಚೆ ಕಡೆಯವರೆಗೂ ಕೇಳಿತಂತೆ. ಯಾರು ಯಾರನ್ನು ಎತ್ತಿ ಕುಣಿದರೋ, ನನ್ನ ಬೆನ್ನ ಮೇಲೆ ನೆಸ್ಟಾ ಹತ್ತಿ ಕೂತಿದ್ದಳು, ನಾನು ಅವಳನ್ನು ಹೊತ್ತುಕೊಂಡು ಸುತ್ತು ಹೊಡೆಯುತ್ತಿದ್ದೆ. ಸೋತವನಿಗೆ ಇಷ್ಟು ಖುಷಿಯಾಗಬಾರದು. ಆದರೆ ಒಂದು ಜನ್ಮವಿಡೀ ಗೆದ್ದು ಗೆದ್ದು ಬೇಸತ್ತಿದ್ದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಮರುದಿನದಿಂದ ಊರ ತುಂಬ ಹಾರೆಯ ಸದ್ದು. ಕೊಟ್ಟ ಮಾತಿಗೆ ತಪ್ಪುವಂತಿಲ್ಲ, ಕೈ ಕುಲುಕಿದ ನೋವು ಇನ್ನೂ ಇತ್ತು. ನನ್ನ ಬೆಂಕಿಗೂಡನ್ನು ನೆಸ್ಟಾ ತಾನೇ ನಿಂತು ಒಡೆಸಿದಳು, ಆ ಹಳೇ ಗೂಡು ಹೊಗೆ ಕಾರುತ್ತಿದೆ ಅಂತ ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಳು. ಸಾರಾಯಿ ಅಂಗಡಿಯ ಮೆಟ್ಟಿಲು ಎದ್ದಿತು, ಅಂಚೆ ಕಚೇರಿಯ ಹೂವಿನ ಪಾತಿಯ ಅಂಚು ಎದ್ದಿತು, ಹಂದಿಗೂಡಿನ ಕಲ್ಲನ್ನು ತೆಗೆಯುವಾಗ ಹಂದಿ ನಮ್ಮನ್ನು ನೋಡಿದ ನೋಟ ಮರೆಯಲಾಗದು. ಗೊರೊನ್ವಿ ತನ್ನ ಗಾಡಿಯ ಪಕ್ಕ ಕೂತು ಒಂದೊಂದನ್ನೂ ತೊಳೆದು, ತಟ್ಟಿ, ಪಕ್ಕಕ್ಕೆ ಜೋಡಿಸಿದ.

ಆಮೇಲೆ ಎಲ್ವೆಡ್‌ನ ಸರದಿ. ಅವನ ಬಾಗಿಲ ಪಕ್ಕದ ಕಲ್ಲು ಊರಿಗೇ ಹೆಸರಾದದ್ದು. ಸುತ್ತ ಸುಣ್ಣ ಬಳಿದು, ಪ್ರತಿ ಹೊಸ ವರ್ಷಕ್ಕೆ ಎಣ್ಣೆ ಹಚ್ಚಿ, ಬಂದವರಿಗೆಲ್ಲ ತೋರಿಸುತ್ತಿದ್ದದ್ದು. ನಾಲ್ಕು ಜನ ಸೇರಿ ಕಿತ್ತೆವು. ಗೊರೊನ್ವಿ ಅದನ್ನು ಮಗುಚಿದ, ಗೋಡೆಯೊಳಗೆ ಅಡಗಿದ್ದ ಬೆನ್ನಿನ ಮೇಲೆ ನೀರು ಹಾಕಿ ಉಜ್ಜಿದ. ಒಂದು ಅಚ್ಚುಕಟ್ಟಾದ ತೂತು, ಪಕ್ಕದಲ್ಲಿ ಯಾವುದೋ ಗುರುತು. ಅವನು ತಲೆ ಕೆರೆದುಕೊಂಡ. "ಇದು ಕೋಟೆದಲ್ಲ ಸ್ವಾಮಿ. ರೈಲು ಸೇತುವೆ ಕಟ್ಟಿ ಉಳಿದಿದ್ದು."

 ಹಾಗಾದರೆ ಅವನ ಮನೆಯಲ್ಲಿ ಕೋಟೆಯ ಒಂದು ಚೂರೂ ಇರಲಿಲ್ಲ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಒಳಗೆ ನಿಂತು ನಮಗೆಲ್ಲ ನಾಯಕರಾದದ್ದು ರೈಲಿನ ಕಲ್ಲಿನ ಬಲದ ಮೇಲೆ. ಇದೇ ಕಲ್ಲನ್ನು ತೋರಿಸಿ ಅವನ ತಾಯಿ ಟೆಗ್ವೆನ್‌ಳನ್ನು ಬೇಡ ಅಂದದ್ದು. ಎಲ್ವೆಡ್‌ನ ಮುಖ ಬಿಳಿಚಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿದರೂ ಅವನಿಗೆ ಗೊತ್ತಾಗಲಿಲ್ಲ. ನಾವೆಲ್ಲ ಟೆಗ್ವೆನ್ ಕಡೆ ತಿರುಗಿದೆವು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತನ್ನು ಸಾಯುವವರೆಗೂ ಆಡಿಕೊಂಡು ನಗುತ್ತಿದ್ದೆ.

ಅವಳು ಕಲ್ಲನ್ನು ನೋಡಿದಳು, ಎಲ್ವೆಡ್‌ನನ್ನು ನೋಡಿದಳು. "ಗೋಡೆ ಹೊಟ್ಟೆಯೊಳಗೆ ತುಂಬೋಕೆ ಕಲ್ಲು ಬೇಕಲ್ವೇನಪ್ಪ ಗೊರೊನ್ವಿ?" ಅಂದಳು. ಬೇಕು, ಒಳಗಿರುವುದು ಯಾರಿಗೂ ಕಾಣುವುದಿಲ್ಲ ಎಂದು ಗೊರೊನ್ವಿ ಒಪ್ಪಿದ. "ಹಂಗಾದ್ರೆ ಅದನ್ನೂ ಹಾಕ್ಕೋ," ಎಂದು ಹೇಳಿ ಅವಳು ಮುಂದಿನ ಮನೆಯ ಕಡೆ ನಡೆದಳು. ಎಲ್ವೆಡ್ ಆ ಕಲ್ಲನ್ನು ಯಾರ ಕೈಗೂ ಕೊಡಲಿಲ್ಲ. ಕೈಗಾಡಿಯಲ್ಲಿಟ್ಟು, ನಿಂತು ನಿಂತು, ತಾನೇ ಗುಡ್ಡದ ಮೇಲಕ್ಕೆ ತಳ್ಳಿಕೊಂಡು ಹೋದ.

ಸೆಪ್ಟೆಂಬರ್ ಪೂರ್ತಿ ಕೆಲಸ ನಡೆಯಿತು. ಗೊರೊನ್ವಿ ಮರದ ಅಚ್ಚು ಕಟ್ಟಿ ಅದರ ಮೇಲೆ ಬೆಣೆಯಂಥ ಕಲ್ಲುಗಳನ್ನು ಎರಡೂ ಕಡೆಯಿಂದ ಏರಿಸುತ್ತ ಬಂದ. ಇದು ನಮ್ಮನೇದು, ಅದು ನಿಮ್ಮನೇದು ಎಂದು ನಾವು ಬೇಲಿಯ ಆಚೆ ನಿಂತು ಬೆರಳು ತೋರಿಸುತ್ತಿದ್ದೆವು. ನನ್ನ ಕಲ್ಲುಗಳ ಮೇಲಿನ ಮಸಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಸುಣ್ಣದ ಗಾರೆ ಒಣಗಲು ವಾರಗಟ್ಟಲೆ ಬಿಟ್ಟ. ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ, ಇವತ್ತು ಅಚ್ಚು ತೆಗೆಯುತ್ತೇನೆ ಎಂದ. ನಿಂತರೆ ನಿಂತಿತು, ಇಲ್ಲದಿದ್ದರೆ ಇಲಾಖೆಯವರು ಮರುದಿನವೇ ಬಂದು ಉಳಿದದ್ದನ್ನೂ ಇಳಿಸುತ್ತಾರೆ.

ಅಂಗಡಿ ಮುಚ್ಚಿ ಹೋದೆ. ಶಾಲೆಗೂ ರಜವಿತ್ತು. ಇಡೀ ಊರು ಕಮಾನಿನ ಮುಂದೆ, ಗೊರೊನ್ವಿ ಎಳೆದ ಹಗ್ಗದ ಆಚೆ ನಿಂತಿತ್ತು. ಟೆಗ್ವೆನ್ ಮಾತ್ರ ಒಳಗಿದ್ದಳು, ಕೆಲಸದವರಿಗೆ ಚಹಾ ಕಾಯಿಸಲು ಬೆಳಗ್ಗೆಯೇ ಹಿಂದಿನ ಸಂದಿಯಿಂದ ಹತ್ತಿ ಹೋಗಿದ್ದಳು. ಅಂಗಳದಲ್ಲಿ ನಮ್ಮ ಕಡೆ ಮುಖ ಮಾಡಿ, ಏಪ್ರನ್ ಅಂಚನ್ನು ಮುದ್ದೆ ಮಾಡಿ ಹಿಡಿದುಕೊಂಡು ನಿಂತಿದ್ದಳು.

ಗೊರೊನ್ವಿ ಸುತ್ತಿಗೆ ಎತ್ತಿದ. ಅಚ್ಚಿನ ಕೆಳಗಿನ ಬೆಣೆಗಳನ್ನು ಒಂದು ಈ ಕಡೆ, ಒಂದು ಆ ಕಡೆ ಎಂದು ಹೊಡೆಯುತ್ತ ಹೋದ. ಮರ ಒಂದು ಬೆರಳಷ್ಟು ಕೆಳಗಿಳಿಯಿತು. ಕಲ್ಲುಗಳೊಳಗಿಂದ ಕಟಕ್ಕೆಂದು ಒಂದು ಸದ್ದು ಬಂತು, ಗಾರೆಯ ಪುಡಿ ಉದುರಿತು. ನೆಸ್ಟಾ ನನ್ನ ತೋಳು ಹಿಂಡಿಬಿಟ್ಟಳು.  ಮರ ಪೂರ್ತಿ ಇಳಿಯಿತು, ಇಬ್ಬರು ಹುಡುಗರು ಅದನ್ನು ಪಕ್ಕಕ್ಕೆ ಎಳೆದರು. ಕಮಾನು ನಿಂತಿತ್ತು. ಅಡಿಯಲ್ಲಿ ಏನೂ ಇಲ್ಲದೆ, ತನ್ನ ಪಾಡಿಗೆ ತಾನು ನಿಂತಿತ್ತು. ಗೊರೊನ್ವಿ ಅದರ ಕೆಳಗೆ ಹೋಗಿ ನಿಂತು, ಅಂಗೈಯಿಂದ ಒಮ್ಮೆ ತಟ್ಟಿ, ಹಗ್ಗ ಬಿಚ್ಚಿ ಇನ್ನು ಹೋಗಬಹುದು ಎಂದು ಕೈ ತೋರಿಸಿದ.

ಯಾರೂ ಹೋಗಲಿಲ್ಲ. ಇಟ್ಟಿಗೆ ಸಾಲಿನವರು ಅಭ್ಯಾಸದಂತೆ ನಿಂತೇ ಇದ್ದರು. ನಾವು ಕಲ್ಲು ಮನೆಯವರೂ ನಿಂತೆವು. ನಮ್ಮ ಮನೆಗಳಲ್ಲಿ ಈಗ ಕಲ್ಲಿರಲಿಲ್ಲವಲ್ಲ. ಹುಟ್ಟಿದಾಗಿನಿಂದ ಅದರೊಳಗೆ ಓಡಾಡಿದವನು ನಾನು, ಒಳಗೆ ಹೋಗುವ ಹಕ್ಕಿಲ್ಲದೆ ಹೊರಗೆ ನಿಂತು ಅದನ್ನು ತಲೆಯೆತ್ತಿ ನೋಡಿದ್ದು ಅದೇ ಮೊದಲು. ಎಷ್ಟು ಎತ್ತರ ಅದು, ಎಷ್ಟು ಚೆಂದ. ಒಳಗಿನ ಬಿಸಿಲು ಬೇರೆಯದೇ ಬಿಸಿಲು ಅನ್ನಿಸುತ್ತಿತ್ತು. ಕಾಲು ಮುಂದಿಡಬೇಕೆಂದು ಎಷ್ಟು ಆಸೆಯಾಯಿತೋ ಅಷ್ಟೇ ಸಂಕೋಚವಾಯಿತು, ಕರೆಯದ ಮನೆಗೆ ಹೋದಂತೆ.

"ಯಾಕ್ರೋ ಹಿಂಗ್ ನಿಂತ್ಬಿಟ್ರಿ?" ಟೆಗ್ವೆನ್ ಒಳಗಿನಿಂದ ಕೇಳಿದಳು. "ಯಾರಾದ್ರೂ ಬಂದು ಕರೀಲಿ ಅಂತ ಕಾಯ್ತಿದೀರಾ?"

ನಮ್ಮ ಮುಂದೆ ನಿಂತಿದ್ದ ಎಲ್ವೆಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೂಂ ಕಣೇ," ಅಂದ. "ನೀನು ಕರೀಬೇಕು."

ಅವಳು ಏಪ್ರನ್‌ನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೈಯಾಡಿಸಿ ನಮ್ಮನ್ನು ಕರೆದಳು, ನಾವು ಒಬ್ಬೊಬ್ಬರಾಗಿ ಒಳಗೆ ಹೋದೆವು.